ಮೊದಲು ಸಹಿ, ಆಮೇಲೆ ಬರಹ

ಗದಗಿನಲ್ಲಿ ಸರಕಾರಿ ಕಚೇರಿಗಳ ಸಾಲಿಗೆ ಎದುರಾಗಿ ನನ್ನದೊಂದು ಸಣ್ಣ ಅಂಗಡಿ ಇದೆ. ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಒಂದು ಕಾಲು ಅಲುಗಾಡುವ ಬೆಂಚು. ಅರ್ಜಿ ಟೈಪ್ ಮಾಡುತ್ತೇನೆ. ಕನ್ನಡದ ಕಾಗದವನ್ನು ಇಂಗ್ಲಿಷಿಗೂ ಇಂಗ್ಲಿಷಿನದನ್ನು ಕನ್ನಡಕ್ಕೂ ತಿರುಗಿಸಿಕೊಡುತ್ತೇನೆ. ಬೆಟಗೇರಿಯ ಮನೆಯಿಂದ ದಿನವೂ ನಡೆದೇ ಬರುತ್ತೇನೆ, ಬರುವಷ್ಟರಲ್ಲಿ ಯಾರಾದರೊಬ್ಬರ ಜೊತೆ ಜಗಳ ಆಗಿರುತ್ತದೆ. ಗಿರಾಕಿಗಳು ನನ್ನ ಬೆನ್ನ ಹಿಂದೆ "ಅಕ್ಕಾರ ಕೆಲಸ ಚಲೋ, ಬಾಯಿ ಖಾರ" ಅನ್ನುವುದು ನನಗೆ ಗೊತ್ತಿದೆ. ಕೆಲಸ ಚಲೋ ಅನ್ನುವುದನ್ನು ನಾನೂ ಬಹಳ ವರ್ಷ ನಂಬಿದ್ದೆ.

ನಾನು ಹುಟ್ಟಿ ಬೆಳೆದದ್ದು ಲಕ್ಷ್ಮೇಶ್ವರದಲ್ಲಿ. ಅಪ್ಪ ಕಾಳಿನ ಪೇಟೆಯಲ್ಲಿ ತೂಕದ ಕೆಲಸದಲ್ಲಿದ್ದರು. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಎರಡೂ ಕಡೆ ಇದ್ದ ಮಾತುಗಳು ಎರಡೂ ಕಡೆ ಒಂದೇ ಕೆಲಸ ಮಾಡುವುದಿಲ್ಲ ಎಂದು ನನಗೆ ಬಹಳ ಬೇಗ ತಿಳಿಯಿತು. ನಮ್ಮ ಮನೆಯಲ್ಲಿ ಕಾಯ್ದೆ ಎಂದರೆ ಮಕ್ಕಳಿಗೆ ಅಲಿಫ್, ಬೇ ಕಲಿಸುವ ತೆಳುವಾದ ಪುಸ್ತಕ. ಕನ್ನಡ ಶಾಲೆಯಲ್ಲಿ ಮಾಸ್ತರರು ಒಂದು ದಿನ "ಕಾಯ್ದೆ ಮುರಿದವರನ್ನ ಜೇಲಿಗೆ ಹಾಕತಾರ" ಅಂದಾಗ ನನ್ನ ಎದೆ ಧಸಕ್ಕೆಂದಿತ್ತು. ನನ್ನ ಕಾಯ್ದೆಯ ಎರಡು ಹಾಳೆ ಆಗಲೇ ಹರಿದಿದ್ದವು.

ನಮ್ಮ ಅಜ್ಜಿಯದು ಇನ್ನೂ ಮಜಾ. ರೇಡಿಯೋದಲ್ಲಿ ಯಾರೋ ಮಂತ್ರಿ ರಾಜೀನಾಮೆ ಕೊಟ್ಟ ಸುದ್ದಿ ಬಂತೆಂದರೆ ಆಕೆಗೆ ಸಂತೋಷ. ಆಕೆ ಕಲಿತ ಉರ್ದುವಿನಲ್ಲಿ ಅದು ಇಬ್ಬರು ಮನಸಾರೆ ಒಪ್ಪಿ ಬರೆದುಕೊಡುವ ಕಾಗದ. ಅಪ್ಪ, ಇಲ್ಲಿ ಹಾಗಲ್ಲ, ಕುರ್ಚಿ ಬಿಟ್ಟು ಹೋಗುವುದಕ್ಕೆ ರಾಜೀನಾಮೆ ಅನ್ನುತ್ತಾರೆ ಎಂದು ಎಷ್ಟು ಸಲ ಹೇಳಿದರೂ ಆಕೆ ಒಪ್ಪಲಿಲ್ಲ. "ಮನಸ್ಸು ರಾಜಿ ಇಲ್ಲದಾವ ರಾಜೀನಾಮಿ ಹೆಂಗ ಬರೀತಾನ?" ಎಂದು ಅಪ್ಪನನ್ನೇ ಕೇಳುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ದೇಶದ ಮೊದಲ ಸಹಕಾರ ಸಂಘ ಹುಟ್ಟಿದ ಕಣಗಿನಹಾಳಕ್ಕೆ ಶಾಲೆಯಿಂದ ಒಮ್ಮೆ ಕರೆದುಕೊಂಡು ಹೋಗಿದ್ದರು. ಸಹಕಾರ ಅಂದರೆ ಹತ್ತು ಜನ ಕೂಡಿ, ಹತ್ತೂ ಜನ ಮಾತಾಡಿ, ಒಂದು ಕೆಲಸ ಮಾಡುವುದು ಎಂದು ಮಾಸ್ತರರು ಅಲ್ಲಿ ಹೇಳಿದ್ದರು. ನನ್ನ ಅಂಗಡಿಯ ಎದುರಿನ ಕಚೇರಿಯ ಕಿಟಕಿಗೆ ಇವತ್ತಿಗೂ ಒಂದು ಹಾಳೆ ಅಂಟಿಸಿದ್ದಾರೆ: "ಸರ್ವರ್ ಇಲ್ಲ, ಸಾರ್ವಜನಿಕರು ಸಹಕರಿಸಬೇಕು." ಅಂದರೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿರಿ. ಹೀಗೆ ಮಾತುಗಳ ಮೇಲೆ ಟೀಕೆ ಮಾಡುವುದು ನನಗೆ ಬಹಳ ಇಷ್ಟದ ಕೆಲಸ. ಊರವರ ಮಾತಿನಲ್ಲಿ ಹುಳುಕು ಹುಡುಕುವವಳು ನನ್ನ ಕೈಯಲ್ಲಿ ಏನಾಗುತ್ತಿದೆ ಎಂದು ನೋಡಲಿಲ್ಲ.

ಒಂದು ಬೇಸಿಗೆಯಲ್ಲಿ ಗಾಳಿಯಂತ್ರ ಹಾಕುವ ಕಂಪನಿಯ ಒಬ್ಬ ಹುಡುಗ ಅಂಗಡಿಗೆ ಬಂದ. ಮುಂಡರಗಿ ತಾಲೂಕಿನ ಒಂದು ಹಳ್ಳಿಯ ಸಭೆಯ ನಡಾವಳಿ ತಂದಿದ್ದ. ಕನ್ನಡದಲ್ಲಿ ಎರಡು ಹಾಳೆ, ಆಮೇಲೆ ಸಹಿಗಳು. ಊರ ಹಿಂದಿನ ಗುಡ್ಡದ ಮೇಲೆ ಯಂತ್ರ ನಿಲ್ಲಿಸುತ್ತಾರೆ, ಅದರ ಸಾಮಾನು ಇಡಲು ಊರ ಕಣದ ಜಾಗ ಬೇಕು ಎಂಬುದು ವಿಷಯ. ಕೊನೆಗೆ ಹೀಗೆ ಬರೆದಿತ್ತು: "ಸಭೆಗೆ ವಿಷಯವನ್ನು ತಿಳಿಸಲಾಯಿತು. ಯಾರೂ ತಕರಾರು ಮಾಡಲಿಲ್ಲ. ಹಾಜರಿದ್ದವರ ಸಹಿ." ಹುಡುಗನ ಹತ್ತಿರ ಇಂಗ್ಲಿಷಿನ ಒಂದು ನಮೂನೆ ತಯಾರಿತ್ತು. ಅದರಲ್ಲಿ ಸಹಿಗಳ ಮೇಲಿನ ತಲೆಬರಹ ಮಾತ್ರ ಬೇರೆ. ಅದರ ಕನ್ನಡ, "ಒಪ್ಪಿಗೆ ಕೊಟ್ಟವರು".

"ಇದೇ ಫಾರ್ಮ್ಯಾಟ್ ಬೇಕ್ರಿ ಮೇಡಂ, ಎಲ್ಲಾ ಊರಿಗೂ ಹಿಂಗ ಮಾಡೇವಿ," ಅಂದ.

ನಾನು ಒಂದು ಕ್ಷಣ ತಡೆದೆ. ತಡೆದದ್ದು ನೆನಪಿದೆ, ಅದಕ್ಕೇ ನನಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ತಕರಾರು ಮಾಡಲಿಲ್ಲ ಅಂದ ಮೇಲೆ ಒಪ್ಪಿದಂತೆಯೇ ಆಯಿತಲ್ಲ, ಇಂಗ್ಲಿಷ್ ಓದುವವರಿಗೆ ಸುತ್ತುಬಳಸಿನ ಮಾತು ಬೇಕಾಗುವುದಿಲ್ಲ ಎಂದುಕೊಂಡು ಆ ತಲೆಬರಹದ ಕೆಳಗೆ ನಲವತ್ತು ಚಿಲ್ಲರೆ ಹೆಸರು ಟೈಪ್ ಮಾಡಿದೆ. ಕೆಳಗೆ ಅನುವಾದಕಿ ಎಂದು ನನ್ನ ರಬ್ಬರ್ ಸಿಕ್ಕಾ ಹೊಡೆದೆ. ಹುಡುಗ ಹೋದ, ನಾನು ಊಟದ ಡಬ್ಬಿ ತೆಗೆದೆ.

ಮುಂದಿನ ಕಡಲೆ ರಾಶಿ ಮುಗಿದ ಮೇಲೆ ದೊಡ್ಡವ್ವ ಅಂಗಡಿಗೆ ಬಂದಳು. ದೊಡ್ಡವ್ವ ನನ್ನ ರಕ್ತಸಂಬಂಧಿಯಲ್ಲ. ಆಕೆಯ ತವರುಮನೆ ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ. ಅಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು, ಅಮ್ಮನ ಜೀವದ ಗೆಳತಿ, ಆದ್ದರಿಂದ ನನಗೆ ದೊಡ್ಡವ್ವ. ಮುಂಡರಗಿ ಕಡೆಗೆ ಮದುವೆಯಾಗಿ ಹೋದವಳು, ಅಲ್ಲಿ ಎರಡೂವರೆ ಎಕರೆ ಎರೆ ಹೊಲ ಇದೆ. ಗಂಡ ತೀರಿಕೊಂಡ ಮೇಲೆ ಆಕೆಯೇ ಅದನ್ನು ನಡೆಸುತ್ತಾಳೆ. ಅಮ್ಮ ಹೋದಾಗ ನನ್ನ ಮನೆಯಲ್ಲಿ ಹತ್ತು ದಿನ ಇದ್ದು ಅಡುಗೆ ಮಾಡಿ ಹಾಕಿದವಳು ಆಕೆಯೇ.

ಬೆಂಚಿನ ಮೇಲೆ ಕೂತು, ಸೆರಗಿನ ಗಂಟಿನಿಂದ ಮಡಚಿದ ಒಂದು ಕಾಗದ ತೆಗೆದಳು.

"ನಮ್ಮ ಕಣದಾಗ ಕಲ್ಲಿನ ಕಂಬ ಹುಗದು ತಂತಿ ಕಟ್ಯಾರವಾ. ಯಾಕಂತ ಕೇಳಿದ್ರ, ನೀನ ಹೂಂ ಅಂದೀಯಲ್ಲ ಆಯಿ, ಇಲ್ಲೈತಿ ನೋಡು ನಿನ್ನ ಹೆಸರು ಅಂತ ಇದರ ಝೆರಾಕ್ಸ್ ಕೊಟ್ರು. ನಾ ಯಾವಾಗ ಹೂಂ ಅಂದೆ? ಓದಿ ಹೇಳು."

ಕಾಗದ ಬಿಚ್ಚಿದೆ. ನನ್ನದೇ ಅಕ್ಷರಗಳ ಅಳತೆ, ನನ್ನದೇ ಸಿಕ್ಕಾ. ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟು "ಇದ ನನ್ನ ಹೆಸರಂತ" ಅಂದಳು. ಆ ಹೆಸರನ್ನು ನಾನೇ ಟೈಪ್ ಮಾಡಿದ್ದೆ. ನನ್ನ ಜೀವಮಾನದಲ್ಲಿ ಆಕೆಯನ್ನು ದೊಡ್ಡವ್ವ ಎಂದಷ್ಟೇ ಕರೆದಿದ್ದೆ, ಸರಕಾರದ ಕಾಗದದಲ್ಲಿ ಆಕೆಗೆ ಯಾವ ಹೆಸರು ಎಂದು ನನಗೆ ಗೊತ್ತೇ ಇರಲಿಲ್ಲ. ಊರಿನ ಹೆಸರು ಕಂಡರೂ, ಆ ಸಹಿಗಳಲ್ಲಿ ಆಕೆಯದೂ ಇರಬಹುದೆಂದು ಯೋಚಿಸಿರಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

"ಸಹಿ ಮಾಡಿದ್ದು ಖರೆ ಏನು, ದೊಡ್ಡವ್ವ?"

"ಖರೆ. ಪಂಚಾಯ್ತಿ ಹುಡುಗ ಬುಕ್ ಹಿಡಕೊಂಡು ಮನಿಗೆ ಬಂದಿದ್ದ. ಸಭಾ ಐತಿ, ಮೊದ್ಲ ಸಹಿ ಮಾಡಿಬಿಡ್ರಿ, ಆಮ್ಯಾಲ ಬಂದು ಕುಂಡ್ರಿ ಅಂದ. ಬಾಗಲಿಗೆ ಬಂದಾವನ್ನ ಒಲ್ಲೆ ಅಂದು ಹೆಂಗ ಕಳಸೂದು? ಮಾಡಿದೆ. ಹಾಳಿ ಖಾಲಿನ ಇತ್ತು. ಸಭಾಕ್ಕ ಹೋದೆ, ಹಿಂದ ಕುಂತೆ, ಸಾಹೇಬ ಮಾತಾಡಿದ, ಚಾ ಕೊಟ್ರು, ಬಂದೆ."

ಇದು ನನಗೆ ಹೊಸದಲ್ಲ. ನಮ್ಮ ಕಡೆಯ ಊರುಗಳಲ್ಲಿ ಠರಾವು ಪುಸ್ತಕ ಹೀಗೇ ತಿರುಗುತ್ತದೆ. ಮೊದಲು ಖಾಲಿ ಹಾಳೆಗೆ ಸಹಿ, ಆಮೇಲೆ ಸಭೆ, ಎಲ್ಲ ಮುಗಿದ ಮೇಲೆ ಸಹಿಗಳ ಮೇಲೆ ಬಿಟ್ಟ ಜಾಗದಲ್ಲಿ ಬರಹ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲೂ ನಳದ ಅರ್ಜಿಗೆ, ರಸ್ತೆಯ ಅರ್ಜಿಗೆ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಕೈ ಒರೆಸಿಕೊಂಡು ಸಹಿ ಹಾಕಿ ಹೋಗುತ್ತಿದ್ದಳು. ಯಾವುದಕ್ಕೆ ಎಂದು ಕೇಳಿದರೆ ಬಂದವರನ್ನು ನಂಬಲಿಲ್ಲ ಎಂದಂತೆ. ಬಂದವರಿಗೆ ಚಹಾ ಕೊಡುವುದು, ಪುಸ್ತಕ ಕೊಟ್ಟರೆ ಸಹಿ ಕೊಡುವುದು, ಎರಡೂ ಮರ್ಯಾದೆಯ ಕೆಲಸ. ಆ ಸಹಿಗೆ ನಮ್ಮ ಊರಲ್ಲಿ ಇರುವ ಅರ್ಥ ಇಷ್ಟೇ: ನೀನು ಬಂದೆ, ನಾನು ಮನೆಯಲ್ಲಿದ್ದೆ. ತಲೆಬರಹದಲ್ಲಿದ್ದ ಇಂಗ್ಲಿಷಿನ ಕನ್ಸೆಂಟ್ ಹಾಗಲ್ಲ. ಅದನ್ನು ಓದುವವನು ಬೇರೊಂದು ಊರಿನಲ್ಲಿ ಕೂತು, ಈ ಹೆಂಗಸು ಎಲ್ಲ ಕೇಳಿ, ತಿಳಿದು, ಬೇಡ ಅನ್ನುವ ಅವಕಾಶವಿದ್ದೂ ಬೇಕು ಅಂದಿದ್ದಾಳೆ ಎಂದು ಓದುತ್ತಾನೆ. ಈ ಎರಡನ್ನೂ ಬಲ್ಲವಳು ಆ ಕೆಲಸದಲ್ಲಿ ನಾನೊಬ್ಬಳೇ ಇದ್ದೆ.

"ದೊಡ್ಡವ್ವ, ಇದನ್ನ ಬರದಾಕಿ ನಾನ," ಅಂದೆ.

ಆಕೆ ನನ್ನ ಮುಖ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು.

"ನೀ ಬರದಿ ಅಂದ್ರ ನೀನ ಅಳಸು," ಅಂದಳು. "ನನಗ ಬ್ಯಾರೆ ಏನೂ ಬ್ಯಾಡ. ಮುಂದಿನ ಸುಗ್ಗಿಗೆ ನನ್ನ ರಾಶಿ ಕಣದಾಗ ಬೀಳಬೇಕು."

ಕಣ ಅಂದರೆ ಏನೆಂದು ಪೇಟೆಯವರಿಗೆ ಹೇಳಬೇಕಾದೀತು. ದೊಡ್ಡ ಹಿಡುವಳಿಯವರಿಗೆ ಹೊಲದಲ್ಲೇ ತಮ್ಮದೊಂದು ಕಣ ಇರುತ್ತದೆ. ಎರಡು ಎಕರೆಯವರಿಗೆ ಊರ ಕಣವೇ ಗತಿ. ಕಡಲೆ ಬಡಿಯುವುದು, ಮೆಣಸಿನಕಾಯಿ ಒಣಗಿಸುವುದು, ಹೊಟ್ಟು ಮೇವು ಒಟ್ಟುವುದು ಎಲ್ಲ ಅಲ್ಲೇ. ಆ ಸಲ ತಂತಿ ಬಿದ್ದ ಮೇಲೆ ದೊಡ್ಡವ್ವ ತನ್ನ ಕಡಲೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿದ್ದಳು. ಲಾರಿ, ಬಸ್ಸು ಹೋಗುವ ರಸ್ತೆ. ಹಗಲೆಲ್ಲ ಬದಿಯಲ್ಲಿ ಕೈ ಬೀಸುತ್ತ ನಿಂತಿದ್ದಳಂತೆ, ಅರವತ್ತೆಂಟರ ಹೆಂಗಸು.

ಮರುದಿನವೇ ಆ ಅನುವಾದ ಸೇರಿದ್ದ ಎದುರಿನ ಕಚೇರಿಗೆ ಹೋದೆ. ನನ್ನ ಅನುವಾದ ತಪ್ಪು, ಮೂಲದಲ್ಲಿ ಹಾಜರಿ ಎಂದಿದೆ, ಒಪ್ಪಿಗೆ ಎಂದಿಲ್ಲ ಎಂದು ಬರೆದು, ಅದೇ ಸಿಕ್ಕಾ ಹೊಡೆದು ಅಧಿಕಾರಿಯ ಮುಂದಿಟ್ಟೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಸಹಿ ಮಾಡ್ಯಾರಲ್ರಿ. ಮಾಡಿಲ್ಲೇನು?"

"ಮಾಡ್ಯಾರ್ರೀ ಸರ್. ಖಾಲಿ ಹಾಳಿಗೆ ಮಾಡ್ಯಾರ."

"ಸಭಾದಾಗ ಯಾರೂ ಬ್ಯಾಡ ಅಂದಿಲ್ಲ. ಸುಮ್ಮನಿದ್ರು ಅಂದ್ರ ಒಪ್ಪಿದಂಗ."

"ನಿಮ್ಮ ಮಗಳಿಗೆ ವರ ನೋಡಾಕ ಬಂದಾಗ ಆಕಿ ಸುಮ್ಮನ ಕುಂತ್ರ ಲಗ್ನ ಮಾಡಿಬಿಡ್ತೀರೇನ್ರಿ?"

ಬಾಯಿ ಖಾರ ಅನ್ನುವುದು ಇದಕ್ಕೇ. ಹೊರಗೆ ಹಾಕುತ್ತಾರೆ ಎಂದುಕೊಂಡೆ. ಅವರು ಸ್ವಲ್ಪ ಹೊತ್ತು ಪೆನ್ನಿನಿಂದ ಮೇಜು ಕುಟ್ಟಿದರು. "ಇಂಥಾ ತಪ್ಪಿಗೆ ನಿಮಗ ಮುಂದ ಕೆಲಸ ಬರೂದು ಕಷ್ಟ ಆಕ್ಕೈತಿ, ಗೊತ್ತೈತಿಲ್ಲ?" ಎಂದರು. ಗೊತ್ತಿದೆ ಎಂದೆ. ಕಾಗದ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ, ಊರವರ ತಕರಾರು ಬರಹದಲ್ಲಿ ಬಂದರೆ ಇನ್ನೊಂದು ಸಭೆ ಕರೆಸುತ್ತೇನೆ ಎಂದರು.

ತಕರಾರು ಅರ್ಜಿ ನಾನೇ ಬರೆದೆ. ಒಂದು ಹಾಳೆ, ಒಳ್ಳೆಯ ಭಾಷೆ, ಓದಿದವರ ಮನಸ್ಸು ಕರಗಬೇಕು, ಹಾಗೆ. ಮುಂಡರಗಿ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋ ಹಿಡಿದು ಆ ಊರಿಗೆ ಹೋದೆ. ತಂತಿಯ ಹೊರಗೆ ಬೇವಿನ ನೆರಳಿನಲ್ಲಿ ಹತ್ತು ಹನ್ನೆರಡು ಹೆಂಗಸರನ್ನು ದೊಡ್ಡವ್ವ ಕೂಡಿಸಿದ್ದಳು. ಎಲ್ಲರೂ ಊರ ಕಣ ಬಿಟ್ಟರೆ ಬೇರೆ ಕಣ ಇಲ್ಲದವರು. ಬಿಸಿಲು ಏರಿತ್ತು, ತಿರುಗಿ ಹೋಗುವ ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಅರ್ಜಿಯನ್ನು ರಟ್ಟಿನ ಮೇಲೆ ಇಟ್ಟು, ಪೆನ್ನಿನ ಟೋಪಿ ತೆಗೆದು, ದೊಡ್ಡವ್ವನ ಕೈಗೆ ಕೊಟ್ಟೆ.

"ಜಲ್ದಿ ಇಲ್ಲೊಂದು ಸಹಿ ಮಾಡಿಬಿಡ್ರಿ ಎಲ್ಲಾರೂ, ನನಗ ಬಸ್ ಐತಿ."

ದೊಡ್ಡವ್ವ ಪೆನ್ನು ತಗೊಳ್ಳಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು.

"ಬುಕ್ ತಂದಾವನೂ ಹಿಂಗ ಅಂದಿದ್ದ," ಅಂದಳು.

ನಾನು ಪೆನ್ನಿಗೆ ಟೋಪಿ ಹಾಕಿದೆ. ಅವರ ನಡುವೆ ನೆಲದ ಮೇಲೆ ಕೂತೆ. ಬಸ್ಸು ಹೋದರೆ ಹೋಗಲಿ ಎಂದುಕೊಂಡು ಮೊದಲ ಸಾಲಿನಿಂದ ಓದತೊಡಗಿದೆ.

"ನಾವು ಬಡ ಹಾಗೂ ಅಸಹಾಯಕ ಮಹಿಳೆಯರು" ಎಂದು ಶುರುಮಾಡಿದ್ದೆ. ಅಲ್ಲೇ ತಡೆದರು.

"ಯಾರವಾ ಅಸಹಾಯಕರು?" ಎಂದಳು ಒಬ್ಬ ಗಟ್ಟಿ ಹೆಂಗಸು. ಮೂರು ಎಮ್ಮೆ ಕಟ್ಟಿದವಳು. ಎಲ್ಲರೂ ನಕ್ಕರು.

ದೊಡ್ಡವ್ವ ನಗಲಿಲ್ಲ. "ಬಡವ್ರು ಅಂತ ಬರದ್ರ ಕನಿಕರ ಮಾಡಿ ಕೊಟ್ಟಂಗ ಆಕ್ಕೈತಿ. ಕನಿಕರಕ್ಕ ಕೊಟ್ಟದ್ದನ್ನ ನಾಳೆ ಕಸಗೋತಾರ. ಕಣ ನಮ್ಮದು, ನಮ್ಮ ಅತ್ತೇರ ಕಾಲದಿಂದ ರಾಶಿ ಮಾಡೇವಿ ಅಂತ ಬರಿ."

ಅದನ್ನು ಹೊಡೆದು ಹಾಕಿ ಅವಳ ಮಾತನ್ನು ಬರೆದೆ. ಮುಂದಿನ ಸಾಲು, "ಗಾಳಿಯಂತ್ರ ಯೋಜನೆಯನ್ನು ನಾವು ಸಂಪೂರ್ಣವಾಗಿ ವಿರೋಧಿಸುತ್ತೇವೆ." ಅದಕ್ಕೂ ಅಡ್ಡಿ ಬಂತು.

"ಫ್ಯಾನ ಬ್ಯಾಡ ಅಂತ ಯಾರು ಅಂದ್ರು? ಗುಡ್ಡದ ಮ್ಯಾಲ ತಿರಗಲಿ ಬಿಡು. ಕಣ ಬಿಡ್ರಿ ಅಂತಷ್ಟ ನಾವು ಅಂದದ್ದು."

ನನಗೆ ಸಿಟ್ಟು ಬಂತು. ಅವರ ಪರವಾಗಿ ಬಿಸಿಲಲ್ಲಿ ಬಂದಿದ್ದೇನೆ, ಇವರು ನನ್ನ ಭಾಷೆ ತಿದ್ದುತ್ತಾರೆ. ಮರುಗಳಿಗೆಗೆ ಇನ್ನೊಂದು ತಿಳಿಯಿತು. ಕಂಪನಿಯ ಹುಡುಗ ಅವರ ಬಾಯಿಗೆ ಹೂಂ ತುರುಕಿದ್ದ, ನಾನು ಊಹೂಂ ತುರುಕಲು ಬಂದಿದ್ದೆ. ಎರಡೂ ಅವರು ಆಡಿದ ಮಾತಲ್ಲ. ವಿರೋಧ, ಅಸಹಾಯಕ, ಮಹಿಳೆಯರು, ಇವೆಲ್ಲ ಕಚೇರಿಯಿಂದ ನಾನು ಹೊತ್ತು ತಂದ ಮಾತುಗಳು. ಇಂಗ್ಲಿಷು ಕನ್ನಡಗಳ ನಡುವೆ ಇರುವಷ್ಟೇ ದೂರ ನನ್ನ ಬರಹದ ಕನ್ನಡಕ್ಕೂ ಈ ಬೇವಿನ ನೆರಳಿನ ಕನ್ನಡಕ್ಕೂ ಇತ್ತು.

ಆ ದಿನ ಅರ್ಜಿಯನ್ನು ಮೂರು ಸಲ ಬರೆದೆ. ಮೂರನೆಯ ಸಲ ಗಟ್ಟಿಯಾಗಿ ಓದಿದಾಗ ಯಾರೂ ತಡೆಯಲಿಲ್ಲ. ಆಗ ದೊಡ್ಡವ್ವ ಕೈ ಚಾಚಿ ಪೆನ್ನು ಕೇಳಿದಳು. ಬಸ್ಸು ಯಾವಾಗಲೋ ಹೋಗಿತ್ತು. ರೊಟ್ಟಿ, ಪುಂಡಿಪಲ್ಯ ಉಂಡು ಆಕೆಯ ಮನೆಯಲ್ಲೇ ಉಳಿದೆ.

ಎರಡನೆಯ ಸಭೆ ಪಂಚಾಯ್ತಿ ಕಟ್ಟೆಯ ಮೇಲೆ ಮುಂಜಾನೆ ಹತ್ತಕ್ಕೆ ನಡೆಯಿತು. ನಾನೂ ಹೋಗಿದ್ದೆ. ಅಧಿಕಾರಿ ಬಂದಿದ್ದರು. ಕಂಪನಿಯಿಂದ ಒಬ್ಬ ಹಿಂದಿ ಎಂಜಿನಿಯರೂ ಬಂದಿದ್ದ. ಅವನು ಒಳ್ಳೆಯ ಮನುಷ್ಯನೇ, ಎದ್ದು ನಿಂತು ಮಾತಾಡುವುದು ನಿಮ್ಮ ಅಧಿಕಾರ ಎಂದು ಹಿಂದಿಯಲ್ಲಿ ಹೇಳಿದ. ಹೆಂಗಸರು ಮುಖ ಮುಖ ನೋಡಿಕೊಂಡರು. ಅವನ ಕಡೆ ಹಕ್ಕಿಗೆ ಅಧಿಕಾರ ಅನ್ನುತ್ತಾರೆ, ನಮ್ಮ ಕಡೆ ಅಧಿಕಾರ ಇರುವುದು ಜೀಪಿನಲ್ಲಿ ಬರುವವರಿಗೆ ಎಂದು ನಾನು ಬಿಡಿಸಿ ಹೇಳಿದೆ. ಅವನು ಕುತೂಹಲದಿಂದ ಕೇಳಿಸಿಕೊಂಡ. ಅಷ್ಟರಲ್ಲಿ ಪಂಚಾಯ್ತಿ ಗುಮಾಸ್ತ ರೂಢಿಯಂತೆ ಪುಸ್ತಕ ಬಿಚ್ಚಿ, ಖಾಲಿ ಹಾಳೆ ತೆರೆದು, ಮೊದಲ ಸಾಲಿನಲ್ಲಿ ಕೂತ ದೊಡ್ಡವ್ವನ ಮುಂದೆ ಹಿಡಿದ.

"ಮೊದ್ಲ ಸಹಿ ಮಾಡಿಬಿಡ್ರಿ ಆಯಿ."

"ತಮ್ಮಾ, ಮೊದ್ಲ ನಾವು ಮಾತಾಡ್ತೀವಿ. ಆಮ್ಯಾಲ ನೀ ಬರಿ. ಆಮ್ಯಾಲ ಓದು. ಆಮ್ಯಾಲ ಸಹಿ."

ಗುಮಾಸ್ತನ ಮುಖ ಸಣ್ಣದಾಯಿತು. ಬಾಗಿಲಿಗೆ ಬಂದವರನ್ನು ಎಂದೂ ಒಲ್ಲೆ ಎಂದು ಕಳಿಸದ ಹೆಂಗಸು ಹೀಗನ್ನುವುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿತ್ತು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಅವನು ಪುಸ್ತಕವನ್ನು ಪಕ್ಕದವಳ ಮುಂದೆ ಸರಿಸಿದ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. ಅವಳ ಮುಂದಿನವಳೂ ಹಾಗೆಯೇ. ಪುಸ್ತಕ ಗಂಡಸರ ಸಾಲಿಗೆ ಹೋಯಿತು. ಅಲ್ಲಿ ಒಬ್ಬ ಮುದುಕ "ಆಯಿ ಅಂದದ್ದು ಬರೋಬ್ಬರಿ ಐತಿ" ಎಂದು ಪುಸ್ತಕ ಮುಚ್ಚಿ ವಾಪಸು ಕೊಟ್ಟ. ಅಧಿಕಾರಿ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಆಮೇಲೆ "ಬರಕೋರಿ" ಎಂದು ಗುಮಾಸ್ತನಿಗೆ ಹೇಳಿದರು.

ಆ ಸಭೆ ಮಧ್ಯಾಹ್ನದ ತನಕ ನಡೆಯಿತು. ಜಗಳವೂ ಆಯಿತು. ಕಣ ಕೊಟ್ಟರೆ ಊರಿಗೆ ರಸ್ತೆ ಬರುತ್ತದೆ ಎನ್ನುವವರೂ ಇದ್ದರು, ಅವರ ಮಾತನ್ನೂ ಬರೆಸಿದರು. ಗುಡ್ಡದ ಬುಡದಲ್ಲಿ ಕಲ್ಲು ತೆಗೆದು ಪಾಳುಬಿಟ್ಟ ಪಡಾ ಜಾಗ ಇದೆ, ಸಾಮಾನು ಅಲ್ಲಿಡಲಿ ಎಂದು ಎಮ್ಮೆಯ ಹೆಂಗಸು ಹೇಳಿದ್ದೇ ಕೊನೆಗೆ ನಿಂತಿತು. ಗುಮಾಸ್ತ ಓದಿದ, ಎರಡು ಕಡೆ ತಿದ್ದಿಸಿದರು, ಆಮೇಲೆ ಸಹಿ ಬಿದ್ದವು. ಕಂಬಗಳನ್ನು ಮಳೆಗಾಲಕ್ಕೆ ಮೊದಲೇ ಕಿತ್ತರು.

ಆ ನಡಾವಳಿಯ ಅನುವಾದ ನನ್ನ ಹತ್ತಿರವೇ ಬಂತು. ಕಂಪನಿಯ ಹುಡುಗ ಮತ್ತೆ ಅದೇ ನಮೂನೆ ತಂದಿದ್ದ. ಅದನ್ನು ಅವನಿಗೇ ತಿರುಗಿ ಕೊಟ್ಟೆ. ಕನ್ಸೆಂಟ್ ಎಂಬ ಒಂದು ಶಬ್ದ ಇದ್ದ ಕಡೆ ಇಡೀ ವಾಕ್ಯಗಳನ್ನು ಬರೆದೆ: ಯಾರು ಏನು ಹೇಳಿದರು, ಬರೆದದ್ದನ್ನು ಯಾವಾಗ ಓದಿ ಹೇಳಲಾಯಿತು, ಅದರ ನಂತರ ಯಾರು ಸಹಿ ಮಾಡಿದರು. "ಇಷ್ಟುದ್ದ ಯಾಕ್ರಿ ಮೇಡಂ, ಒಂದ ಶಬ್ದ ಐತಲ್ಲ ಅದಕ್ಕ?" ಎಂದ. ಆ ಶಬ್ದ ಅವರ ಬಾಯಿಂದ ಬಂದಿಲ್ಲ ಎಂದೆ. ಈಗ ನನ್ನ ಅಂಗಡಿಯಲ್ಲಿ ಓದಿ ಹೇಳದೆ ಯಾರ ಕೈಗೂ ಪೆನ್ನು ಕೊಡುವುದಿಲ್ಲ. ಅವಸರದವರು ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಈ ಸಲ ಸುಗ್ಗಿ ಮುಗಿಸಿ ದೊಡ್ಡವ್ವ ಬಂದಳು. ಸೀರೆಯ ತುಂಬ ಕಡಲೆ ಹೊಟ್ಟಿನ ವಾಸನೆ. ಬೆಂಚಿನ ಮೇಲೆ ಕೂತು ನೀರು ಕುಡಿದು, ಆ ಇಂಗ್ಲಿಷ್ ಕಾಗದ ತೆಗಿ ಅಂದಳು.

"ಕಣ ಸಿಕ್ಕಿತಲ್ಲ ದೊಡ್ಡವ್ವ, ಇನ್ನ ಅದ್ಯಾಕ?"

"ಹೋದ ಸಲ ಅದರಾಗ ನಾ ಅನ್ನದ್ದು ಇತ್ತು. ಈ ಸಲ ಏನೈತಿ ನೋಡಬೇಕು. ಓದು. ಒಂದೊಂದ ಸಾಲು ಕನ್ನಡದಾಗ ಹೇಳಕೋಂತ ಹೋಗು."

ಗಿರಾಕಿಗಳನ್ನು ನಿಲ್ಲಿಸಿ ಓದಿದೆ. ಇಂಗ್ಲಿಷಿನ ಒಂದು ಸಾಲು, ಅದರ ಕನ್ನಡ. ಮತ್ತೊಂದು ಸಾಲು, ಅದರ ಕನ್ನಡ. ಕಣ್ಣು ಮುಚ್ಚಿ ಕೇಳಿದಳು. ತನ್ನ ಹೆಸರಿನ ತನಕ ಮಾತ್ರವಲ್ಲ, ಕೊನೆಯ ತನಕ. ನನ್ನ ಸಿಕ್ಕಾದ ಹತ್ತಿರ ಬಂದು ನಿಲ್ಲಿಸಿದೆ. ಆಕೆ ಕಣ್ಣು ತೆರೆದಳು.

"ಹೌದು," ಅಂದಳು. "ಇದ ನಾ ಅಂದದ್ದು."